ಒಂದು ಲೋಟ ಹೊಯಿಗೆಯಲ್ಲಿ ಒಂದು ಜಿಲ್ಲೆ

ಮಂಗಳೂರಿನ ಹಳೆ ಬಂದರಿನಿಂದ ತೆಂಕಕ್ಕೆ ನಡೆದರೆ ಹೊಯಿಗೆ ಬಜಾರ್ ಸಿಗುತ್ತದೆ. ಘಟ್ಟದ ಮೇಲಿನವರು ಮರಳು ಅನ್ನುವುದನ್ನು ಕರಾವಳಿಯವರು ಹೊಯಿಗೆ ಅನ್ನುತ್ತಾರೆ. ಊರಿನ ಒಂದು ಪೇಟೆಗೇ ಆ ಹೆಸರು ಅಂಟಿಕೊಂಡಿದೆ. ಆ ಹೆಸರಿನ ಮರ್ಯಾದೆಗಾದರೂ ಒಂದು ದೊಡ್ಡ ಲೋಟದ ತುಂಬ ಹೊಯಿಗೆ ತೆಗೆದುಕೊಳ್ಳಿ. ಕಣವೊಂದರ ಅಡ್ಡಳತೆ ಅರ್ಧ ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಕಣಗಳ ಸಂದಿಗೆಂದು ನೂರಕ್ಕೆ ನಲವತ್ತರಷ್ಟು ಜಾಗ ಬಿಟ್ಟು ಲೆಕ್ಕ ಹಾಕಿದರೂ ಲೀಟರಿಗೆ 91 ಲಕ್ಷ ಕಣ ಬರುತ್ತದೆ. 230 ಮಿಲಿಲೀಟರಿನ ಲೋಟದಲ್ಲಿ ಸುಮಾರು 21 ಲಕ್ಷ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಜನಸಂಖ್ಯೆ 20.9 ಲಕ್ಷ. ಸುಳ್ಯದಿಂದ ಮೂಲ್ಕಿಯವರೆಗಿನ ಅಷ್ಟೂ ಮಂದಿ, ತಲೆಗೊಂದು ಕಣದಂತೆ, ಒಂದೇ ಲೋಟದಲ್ಲಿ ಮುಗಿದರು.

ಇಡೀ ಕರ್ನಾಟಕ, ಅಂದರೆ ಅದೇ ಗಣತಿಯ 6.11 ಕೋಟಿ ಜನ, ಏಳು ಲೀಟರಿನ ಸಣ್ಣ ಬಕೆಟಿನಲ್ಲಿ ಹಿಡಿಸುತ್ತಾರೆ. ಭೂಮಿಯ ಮೇಲಿನ ಎಂಟುನೂರು ಕೋಟಿಗೆ ಒಂಬೈನೂರು ಲೀಟರ್ ಸಾಕು. ಮನೆ ಕಟ್ಟುವವರು ಯೂನಿಟ್ ಲೆಕ್ಕದಲ್ಲಿ ಹೊಯಿಗೆ ಇಳಿಸುತ್ತಾರಲ್ಲ, ಒಂದು ಯೂನಿಟ್ ಎಂದರೆ ನೂರು ಘನ ಅಡಿ, 2,830 ಲೀಟರ್. ಅದರಲ್ಲಿ ಮನುಕುಲ ಮೂರು ಸಲ ಕೂರುತ್ತದೆ. ಹೊಯಿಗೆಯ ರೇಟಿಗಾಗಿ ಟಿಪ್ಪರಿನವನ ಜತೆ ಚೌಕಾಶಿ ಮಾಡುವಾಗ ಇದನ್ನು ನೆನಪಿಟ್ಟುಕೊಂಡರೆ ಪ್ರಯೋಜನವೇನೂ ಇಲ್ಲ, ರೇಟು ಇಳಿಯುವುದಿಲ್ಲ.

ಈ ಅಸಂಖ್ಯ ಕಣಗಳಲ್ಲಿ ಒಂದಕ್ಕೂ ಇಲ್ಲಿ ಇನ್ನೂ ಕಲ್ಲಾಗುವ ಯೋಗ ಬಂದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಮರಳುಗಲ್ಲಿಗೆ ಬೇಕಾದ ಹೊಯಿಗೆ, ಜೇಡಿಗಲ್ಲಿಗೆ ಬೇಕಾದ ಆವೆಮಣ್ಣು, ಸುಣ್ಣಕಲ್ಲಿಗೆ ಬೇಕಾದ ಚಿಪ್ಪು, ಇವನ್ನೆಲ್ಲ ಹೊತ್ತು ತರುವುದಕ್ಕೆ ಎರಡು ನದಿ, ಕಾಯ್ದು ಇಡುವುದಕ್ಕೆ ಒಂದು ಕಡಲು. ಮಂಗಳೂರಿನಲ್ಲಿ ಅಡುಗೆಯ ಸಾಮಾನೆಲ್ಲ ಉಂಟು, ಅಡುಗೆ ಮಾತ್ರ ಆಗಿಲ್ಲ. ಒಲೆಯ ಮೇಲಿಟ್ಟು ಇನ್ನೂ ಹತ್ತು ಸಾವಿರ ವರ್ಷವೂ ಆಗಿಲ್ಲದ ಅಡುಗೆಯನ್ನು ಬೇಯಲಿಲ್ಲ ಎಂದು ದೂರುವುದೂ ತಪ್ಪೇ ಅನ್ನಿ.

ಶಾಲೆಯ ಪಾಠದಲ್ಲಿ ಇಂಥ ಕಲ್ಲಿಗೆ ಕಣಶಿಲೆ, ಜಲಜಶಿಲೆ, ಪದರುಶಿಲೆ ಎಂದು ಮೂರು ಹೆಸರು ಕೊಟ್ಟಿದ್ದರು. ಮೂರೂ ಬೇರೆ ಬೇರೆ ಎಂದು ನಂಬಿ ಪರೀಕ್ಷೆ ಬರೆದವರಲ್ಲಿ ನಾನೂ ಒಬ್ಬ. ಮೂರೂ ಒಂದೇ. ಕಣ ಕಣವಾಗಿ ಬಂದದ್ದು, ಹೆಚ್ಚಾಗಿ ನೀರು ತಂದದ್ದು, ಪದರ ಪದರವಾಗಿ ಕೂತದ್ದು. ಅದರ ಜಾತಿ ತಿಳಿಯಬೇಕಾದರೆ ಮೊದಲು ಕೇಳಬೇಕಾದ್ದು ಬಣ್ಣವನ್ನಲ್ಲ, ಕಣದ ಗಾತ್ರವನ್ನು. ಜೋಹಾನ್ ಆಗಸ್ಟ್ ಉಡ್ಡೆನ್ 1898ರಲ್ಲಿ ಗಾತ್ರಗಳ ಒಂದು ಏಣಿ ಕಟ್ಟಿದ, 1922ರಲ್ಲಿ ಚೆಸ್ಟರ್ ವೆಂಟ್‌ವರ್ತ್ ಅದರ ಮೆಟ್ಟಿಲುಗಳಿಗೆ ಗಟ್ಟಿ ಹೆಸರು ಕೊಟ್ಟ. ಇಂದಿಗೂ ಜಗತ್ತಿನ ಭೂವಿಜ್ಞಾನಿಗಳು ಏರುವುದು ಇಳಿಯುವುದು ಅದೇ ಏಣಿಯಲ್ಲಿ. 256 ಮಿಲಿಮೀಟರ್ ಮೀರಿದ್ದು ಬಂಡೆ. 64ರವರೆಗೆ ಇಳಿದರೆ ಗುಂಡುಕಲ್ಲು, 4ರವರೆಗೆ ಹರಳುಕಲ್ಲು, 2ರವರೆಗೆ ನೊರಜು. ಅಲ್ಲಿಂದ ಮಿಲಿಮೀಟರಿನ 16ನೇ ಒಂದು ಪಾಲಿನವರೆಗೆ ಮರಳು. 256ನೇ ಒಂದು ಪಾಲಿನವರೆಗೆ ಮೆಕ್ಕಲು. ಅದಕ್ಕೂ ಸಣ್ಣದೆಲ್ಲ ಜೇಡಿ.

ಹರಳು, ಗುಂಡು ಸೇರಿ ಅಂಟಿಕೊಂಡರೆ ಕಾಂಗ್ಲಾಮರೇಟ್. ಅದೇ ತುಂಡುಗಳು ಉರುಟಾಗದೆ ಚೂಪು ಮೂಲೆ ಉಳಿಸಿಕೊಂಡಿದ್ದರೆ ಬ್ರೆಶಿಯಾ. ಹಾಗಿದ್ದರೆ ಅವು ಹುಟ್ಟಿದ ಮನೆಯಿಂದ ಹೆಚ್ಚು ದೂರ ಹೋಗಿಲ್ಲ ಎಂದು ತಿಳಿಯಬಹುದು. ಮರಳು ಗಟ್ಟಿಯಾದರೆ ಮರಳುಗಲ್ಲು. ಜೇಡಿ ಗಟ್ಟಿಯಾಗಿ ಹಾಳೆ ಹಾಳೆಯಾಗಿ ಏಳುವಂತಿದ್ದರೆ ಶೇಲ್. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ಏಣಿಯ ತಳದಿಂದ ತುದಿಗೆ ಎಷ್ಟು ದೂರ ಎಂದು ಒಮ್ಮೆ ಗುಣಿಸಿ ನೋಡಿದೆ. ಜೇಡಿಯ ಗಡಿಯಿಂದ ಬಂಡೆಯ ಗಡಿಗೆ 65,536 ಪಟ್ಟು. ಕಂಪ್ಯೂಟರ್ ಓದಿದ ಮಕ್ಕಳು ಈ ಸಂಖ್ಯೆಯನ್ನು ಕೂಡಲೇ ಗುರುತು ಹಿಡಿಯುತ್ತಾರೆ, ಹದಿನಾರು ಎರಡುಗಳ ಗುಣಲಬ್ಧ. ಅದು ಅಡ್ಡಳತೆಯ ಮಾತಾಯಿತು. ಗಾತ್ರಕ್ಕೆ ಬಂದರೆ, 256 ಮಿಲಿಮೀಟರಿನ ಒಂದು ಘನವನ್ನು ಜೇಡಿಯ ಗಡಿಯವರೆಗೂ ಪುಡಿ ಮಾಡಿದರೆ 2.81 ಕೋಟಿ ಕೋಟಿ ಕಣ. ಕೋಟಿ ಎರಡು ಸಲ ಬಂದದ್ದು ಅಚ್ಚಿನ ತಪ್ಪಲ್ಲ. ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು ಎಣಿಸಿದರೂ 89 ಲಕ್ಷ ವರ್ಷ ಬೇಕು. ನಮ್ಮ ಲೋಟದ ಹೊಯಿಗೆಯಾದರೋ 24 ದಿನದ ಕೆಲಸ.

ಮರಳಿನ ಕೆಳಗಡಿಯಿಂದಾಚೆ ಬರಿಗಣ್ಣು ಕೈಕೊಡುತ್ತದೆ. ಆಗ ಮೆಕ್ಕಲೋ ಜೇಡಿಯೋ ಎಂದು ತಿಳಿಯಲು ಪಳಗಿದ ಭೂವಿಜ್ಞಾನಿಗಳು ಮಾಡುವುದನ್ನು ನೋಡಿದರೆ ನಗು ಬರುತ್ತದೆ. ಚೂರು ಮುರಿದು ಮುಂದಿನ ಹಲ್ಲಿನ ನಡುವೆ ಇಟ್ಟು ಮೆಲ್ಲಗೆ ಕಡಿಯುತ್ತಾರೆ. ಕಿರಕಿರ ಅಂದರೆ ಮೆಕ್ಕಲು, ಬೆಣ್ಣೆಯ ಹಾಗೆ ಜಾರಿದರೆ ಜೇಡಿ. ಕೃಷ್ಣ ಮಣ್ಣು ತಿಂದದ್ದಕ್ಕೆ ಯಶೋದೆ ಬೈದಳು, ಇವರಿಗೆ ಅದಕ್ಕೇ ಪದವಿ ಕೊಡುತ್ತಾರೆ.

ಇನ್ನು ಹೊತ್ತು ತರುವವರ ವಿಷಯ. ನೇತ್ರಾವತಿಯ ಜಲಾನಯನ ಸುಮಾರು 3,650 ಚದರ ಕಿಲೋಮೀಟರ್. ಇಷ್ಟು ನೆಲದ ಮೇಲಿನಿಂದ ಬರೇ ಒಂದು ಮಿಲಿಮೀಟರ್ ಸವೆದರೆ, ಒಂದು ಬೆಂಕಿಕಡ್ಡಿಯ ದಪ್ಪವೂ ಅಲ್ಲ ಅದು, ಹೊರಡುವ ಸರಕು 36.5 ಲಕ್ಷ ಘನ ಮೀಟರ್. ಎರಡು ಯೂನಿಟ್ ಹಿಡಿಸುವ ಟಿಪ್ಪರಿಗೆ ಹೇರಿದರೆ ಆರು ಲಕ್ಷ ನಲವತ್ತು ಸಾವಿರ ಲೋಡ್. ಟಿಪ್ಪರಿಗೆ ಏಳು ಮೀಟರ್ ಲೆಕ್ಕದಲ್ಲಿ ಒಂದರ ಹಿಂದೊಂದು ನಿಲ್ಲಿಸಿದರೆ ಸಾಲು ನಾಲ್ಕೂವರೆ ಸಾವಿರ ಕಿಲೋಮೀಟರ್ ಮುಟ್ಟುತ್ತದೆ. ಮಂಗಳೂರಿನಿಂದ ದೆಹಲಿಗೆ ಹೋಗಿ ತಿರುಗಿ ಬಂದಷ್ಟು. ಪಂಪ್‌ವೆಲ್ ಸರ್ಕಲ್ಲಿನಲ್ಲಿ ಇಪ್ಪತ್ತು ಟಿಪ್ಪರ್ ನಿಂತರೇ ನಾವು ಊರು ಕೆಟ್ಟಿತು ಅನ್ನುತ್ತೇವೆ. ನದಿ ಹಾರನ್ ಒತ್ತದೆ ಈ ಕೆಲಸ ಮಾಡುತ್ತದೆ.

ಹೊತ್ತು ತಂದದ್ದನ್ನು ಅದು ವಿಂಗಡಿಸಿಯೂ ಇಡುತ್ತದೆ. ಘಟ್ಟದ ಬುಡದಲ್ಲಿ ಗುಂಡುಕಲ್ಲು, ಬಯಲಿಗೆ ಬಂದ ಮೇಲೆ ಹರಳು, ಆಮೇಲೆ ಹೊಯಿಗೆ, ಕೊನೆಗೆ ಕೆಸರು. ಕಾರಣ ಸರಳ. ಸಣ್ಣ ಕಣ ನಿಧಾನ ಮುಳುಗುತ್ತದೆ, ಅದೂ ಅಡ್ಡಳತೆಯ ವರ್ಗದ ಲೆಕ್ಕದಲ್ಲಿ. ಅತಿ ನುಣ್ಣನೆಯ ಮರಳಿನ ಕಣ ನಿಂತ ನೀರಿನಲ್ಲಿ ಸೆಕೆಂಡಿಗೆ ಮೂರೂವರೆ ಮಿಲಿಮೀಟರ್ ಇಳಿಯುತ್ತದೆ. ಅದರ ಹದಿನಾರನೇ ಒಂದು ಪಾಲಿನ ಜೇಡಿಕಣ ಹದಿನಾರು ಪಟ್ಟಲ್ಲ, 256 ಪಟ್ಟು ನಿಧಾನ. ದಿನವಿಡೀ ಮುಳುಗಿದರೂ ಒಂದು ಮೀಟರ್ ಚಿಲ್ಲರೆ. ಮಿಲಿಮೀಟರಿನ ಸಾವಿರದ ಒಂದು ಪಾಲಿನ ಕಣವಾದರೆ ದಿನಕ್ಕೆ ಎಂಟು ಸೆಂಟಿಮೀಟರ್ ಕೂಡ ಇಲ್ಲ. ನಾಲ್ಕು ಕಿಲೋಮೀಟರ್ ಆಳದ ಕಡಲಿನ ಮೇಲ್ಮೈಯಿಂದ ಅದು ಒಬ್ಬಂಟಿಯಾಗಿ ಹೊರಟರೆ ತಳ ಮುಟ್ಟುವಾಗ 140 ವರ್ಷ ದಾಟಿರುತ್ತದೆ. ಮುತ್ತಜ್ಜನ ಕಾಲದಲ್ಲಿ ಹೊರಟದ್ದು ನಮ್ಮ ಕಾಲದಲ್ಲಿ ತಲುಪೀತು.

ಹಾಗಾದರೆ ನೇತ್ರಾವತಿ, ಫಲ್ಗುಣಿ (ಗುರುಪುರ ಹೊಳೆ ಅಂದರೂ ಅದೇ) ಸೇರಿ ಕಡಲಿಗೆ ಬೀಳುವ ಅಳಿವೆಬಾಗಿಲಿನ ಆಚೀಚೆ ಇಷ್ಟು ಕೆಸರು ಹೇಗೆ ಕೂತಿತು? ಉಪ್ಪು. ಜೇಡಿಯ ಕಣಗಳು ಹಪ್ಪಳದಂಥ ಬಿಲ್ಲೆಗಳು, ಸಿಹಿನೀರಿನಲ್ಲಿ ಒಂದರ ಮೈಯ ವಿದ್ಯುದಂಶ ಇನ್ನೊಂದನ್ನು ದೂರ ತಳ್ಳುತ್ತಲೇ ಇರುತ್ತದೆ. ಉಪ್ಪುನೀರು ಸೇರಿದೊಡನೆ ಆ ಜಗಳ ಶಾಂತವಾಗಿ ಬಿಲ್ಲೆಗಳು ಅಂಟಿ ಗೊಂಚಲಾಗುತ್ತವೆ, ಗೊಂಚಲು ದೊಡ್ಡದಾದ್ದರಿಂದ ಬೇಗ ಮುಳುಗುತ್ತದೆ. ನಂಬಿಕೆಯಾಗದಿದ್ದರೆ ಎರಡು ಲೋಟದಲ್ಲಿ ಕೆಸರುನೀರು ಕದಡಿ, ಒಂದಕ್ಕೆ ಮಾತ್ರ ಒಂದು ಚಮಚ ಉಪ್ಪು ಹಾಕಿಟ್ಟು ಚಾ ಕುಡಿದು ಬನ್ನಿ. ಯಾವುದು ಮೊದಲು ತಿಳಿಯಾಗುತ್ತದೆಂದು ಕಣ್ಣಾರೆ ಕಾಣಬಹುದು.

ಈ ಎರಡು ನದಿಗಳ ದಡದ ಆವೆಮಣ್ಣಿನಿಂದಲೇ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು. ಹಂಚಿನ ಇತಿಹಾಸ ಎಲ್ಲರೂ ಬರೆದಿದ್ದಾರೆ, ಅದನ್ನು ಬಿಟ್ಟು ಲೆಕ್ಕಕ್ಕೆ ಬರುತ್ತೇನೆ. ಎರಡೂವರೆ ಕಿಲೋ ತೂಗುವ ಒಂದು ಹಂಚನ್ನು ಸಾವಿರ ಘನ ಸೆಂಟಿಮೀಟರ್ ಜೇಡಿ ಎಂದುಕೊಂಡರೆ, ಜೇಡಿಯಲ್ಲೇ ಅತಿ ದಪ್ಪದ ಕಣದ ಲೆಕ್ಕ ಹಿಡಿದರೂ ಅದರಲ್ಲಿ 16.8 ಲಕ್ಷ ಕೋಟಿ ಕಣ. ನಮ್ಮ ಆಕಾಶಗಂಗೆಯಲ್ಲಿ ಹತ್ತರಿಂದ ನಲವತ್ತು ಸಾವಿರ ಕೋಟಿ ನಕ್ಷತ್ರ ಇರಬಹುದೆಂದು ಖಗೋಳದವರ ಅಂದಾಜು. ದೊಡ್ಡ ಅಂದಾಜನ್ನೇ ಹಿಡಿಯಿರಿ, ಒಂದು ಹಂಚಿನಲ್ಲಿ ನಲವತ್ತು ಆಕಾಶಗಂಗೆಯ ಸರಕು ಉಂಟು. ಮಂಗ ಹಾರಿ ಒಂದು ಹಂಚು ಒಡೆದರೆ ನಾವು ಎಂಥದ್ದನ್ನು ಕಳಕೊಂಡೆವು ಎಂದು ಇನ್ನಾದರೂ ಯೋಚಿಸಬೇಕು.

ಹಂಚು ಪದರಗಲ್ಲಿನ ಅವಸರದ ತಮ್ಮ. ಗೂಡಿನಲ್ಲಿ ಬೆಂಕಿ ಹಾಕಿ ಕೆಲವು ದಿನದಲ್ಲಿ ಗಟ್ಟಿ ಮಾಡುತ್ತೇವೆ. ಭೂಮಿಗೆ ಅಷ್ಟು ಬೆಂಕಿ ಬೇಡ, ಭಾರ ಸಾಕು. ಹೊಸ ಕೆಸರಿನಲ್ಲಿ ಮುಕ್ಕಾಲು ಪಾಲಿನವರೆಗೂ ನೀರೇ ಇರುತ್ತದೆ. ಅದರ ಮೇಲೆ ಒಂದು ಕಿಲೋಮೀಟರ್ ದಪ್ಪ ಮಣ್ಣು ಕಲ್ಲು ಪೇರಿಸಿದರೆ ಒಂದು ಹಂಚಿನಷ್ಟು ಅಗಲದ ಮೇಲೆ ಬೀಳುವ ಭಾರ 230 ಟನ್ ಆಸುಪಾಸು, ಐವತ್ತಕ್ಕೂ ಹೆಚ್ಚು ಆನೆ ಒಂದರ ಮೇಲೊಂದು ಹತ್ತಿ ನಿಂತ ಹಾಗೆ. ಆ ಭಾರಕ್ಕೆ ನೀರು ಹಿಂಡಿಹೋಗಿ, ಉಳಿದ ಸಂದಿಯಲ್ಲಿ ಸಿಲಿಕವೋ ಸುಣ್ಣವೋ ಕಬ್ಬಿಣದ ತುಕ್ಕೋ ಗಾರೆಯಂತೆ ತುಂಬಿಕೊಂಡು ಕಲ್ಲಾಗುತ್ತದೆ. ಅಳಿವೆಬಾಗಿಲಿನ ಕೆಸರಿನ ಮೇಲೆ ಸದ್ಯಕ್ಕೆ ಇರುವುದು ಮೀನುಗಾರಿಕೆಯ ಬೋಟುಗಳು ಮಾತ್ರ.

ಇಷ್ಟು ಕೇಳಿದ ಮಂಗಳೂರಿನವರು ಸಹಜವಾಗಿ ಒಂದು ಪ್ರಶ್ನೆ ಎತ್ತುತ್ತಾರೆ. "ಅಲ್ಲ ಮಾರಾಯ್ರೆ, ಪದರಗಲ್ಲು ಇಲ್ಲ ಅಂತೀರಲ್ಲ, ಮತ್ತೆ ನಮ್ಮ ಮುರಕಲ್ಲು ಏನು? ಮಣ್ಣೇ ಅಲ್ವಾ ಗಟ್ಟಿಯಾದದ್ದು?" ಕೆಲಸದ ಮೇಸ್ತ್ರಿಯೊಬ್ಬರು ಇದೇ ಮಾತನ್ನು ನನ್ನಲ್ಲಿ ಹೇಳಿ, ಕತ್ತಿಯ ತುದಿಯಲ್ಲಿ ಹೊಸ ಕಲ್ಲನ್ನು ಕೆತ್ತಿಯೂ ತೋರಿಸಿದ್ದರು. ಕದ್ರಿ ಗುಡ್ಡ, ಬಾವುಟಗುಡ್ಡ, ಕುಲಶೇಖರ, ಊರಿಗೆ ಊರೇ ನಿಂತಿರುವುದು ಈ ಕೆಂಪುಕಲ್ಲಿನ ಮೇಲೆ. ಮನೆ ಕಟ್ಟಿದ್ದೂ ಅದರಿಂದಲೇ, ಬಾವಿ ತೋಡಿದ್ದೂ ಅದರಲ್ಲೇ.

ಆದರೂ ಅದು ಪದರಗಲ್ಲಲ್ಲ. ಗುರುತು ಸುಲಭ. ಬಾವಿಯ ಗೋಡೆ ನೋಡಿ, ಹಾಸು ಹಾಸಾದ ಪದರ ಇರುವುದಿಲ್ಲ, ಜೇನುಗೂಡಿನ ಹಾಗೆ ತೂತು ಕೊಳವೆ. ಎಲ್ಲಿಂದಲೋ ಬಂದು ಕೂತ ಕಣವೂ ಅಲ್ಲ, ಇದ್ದಲ್ಲೇ ಇದ್ದ ಹಳೆ ಬಂಡೆ ಮಳೆಯಲ್ಲಿ ಕರಗಿ, ಕರಗುವುದೆಲ್ಲ ಹೋಗಿ, ಕರಗಲು ಒಪ್ಪದ ಕಬ್ಬಿಣ ಅಲ್ಯುಮಿನಿಯಂ ಉಳಿದದ್ದು. ಅದರಡಿ ಇನ್ನೂ ಪೂರ್ತಿ ಕಲ್ಲಾಗದ ಬಿಳಿ, ನಸುಗೆಂಪು ಶೇಡಿಮಣ್ಣು. ಮಳೆಗಾಲದಲ್ಲಿ ಗುಡ್ಡದ ಬದಿ ಜಾರಿದಾಗ ಒಳಗಿನಿಂದ ಇಣುಕುವುದು ಅದೇ. ಇನ್ನೂ ಕೆಳಗೆ, 250 ಕೋಟಿ ವರ್ಷ ಮೀರಿದ ಬುನಾದಿ ಬಂಡೆ.

ಎಷ್ಟು ಮಳೆ ಎಂದು ಕೇಳಬಹುದು. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಮೀಟರ್. ಇದೇ ಲೆಕ್ಕದಲ್ಲಿ ಹತ್ತು ಲಕ್ಷ ವರ್ಷ ಸುರಿದರೆ ಅಂಗಳದ ಒಂದೊಂದು ಚದರಡಿಯ ಮೇಲೂ ನಾಲ್ಕು ಸಾವಿರ ಕಿಲೋಮೀಟರ್ ಎತ್ತರದ ನೀರಿನ ಕಂಬ ಹಾದು ಹೋದಂತಾಯಿತು. ಭೂಮಿಯ ನಡುವಿನವರೆಗಿನ ದೂರವೇ 6,371 ಕಿಲೋಮೀಟರ್. ಇಷ್ಟು ತೊಳೆದ ಮೇಲೂ ಉಳಿದದ್ದು ಮುರಕಲ್ಲು. ಅದರ ಗಟ್ಟಿತನವನ್ನು ಇನ್ನು ಯಾರೂ ಶಂಕಿಸಬಾರದು.

ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರಕಾರದ ಆಜ್ಞೆಯಂತೆ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಮಲಬಾರಿನ ಅಂಗಡಿಪುರದ ಕಲ್ಲಿಗೆ ಈ ಹೆಸರು ಮೊದಲು ಬಂತು. ಲ್ಯಾಟಿನ್‌ನಲ್ಲಿ ಲೇಟರ್ ಎಂದರೆ ಇಟ್ಟಿಗೆ. ಇಲ್ಲಿನ ಜನ ಆಗಲೇ ಅದನ್ನು ಇಟ್ಟಿಗೆಕಲ್ಲು ಅನ್ನುತ್ತಿದ್ದುದನ್ನು ಅವನೇ ಬರೆದುಕೊಂಡಿದ್ದಾನೆ. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಇಂದು ಓದುವ ಹೆಸರು ನಮ್ಮ ಮೇಸ್ತ್ರಿಗಳ ಮಾತಿನ ಲ್ಯಾಟಿನ್ ಅನುವಾದ.

ಊರಿನ ನೆಲದಲ್ಲಿ ಪದರಗಲ್ಲು ಇಲ್ಲದಿದ್ದರೇನು, ಮನೆಯೊಳಗೆ ಬೇಕಾದಷ್ಟುಂಟು. ಅಂಗಳಕ್ಕೆ ಹಾಸಿದ ಶಹಾಬಾದ್ ಕಲ್ಲು ಕಲಬುರಗಿ ಕಡೆಯ ಭೀಮಾ ಕಣಿವೆಯ ಸುಣ್ಣಕಲ್ಲು. ಅಡುಗೆಮನೆಯ ಕಪ್ಪು ಕಡಪ ಆಂಧ್ರದ ಸುಣ್ಣಕಲ್ಲು. ಜಾರದ ಕೋಟಾ ಕಲ್ಲು ರಾಜಸ್ಥಾನದ ಸುಣ್ಣಕಲ್ಲು. ಮೂರಕ್ಕೂ ಒಂದೇ ಪರೀಕ್ಷೆ, ಒಂದು ಹನಿ ಆಮ್ಲ. ನೊರೆಯೆದ್ದರೆ ಸುಣ್ಣ. ಭೂವಿಜ್ಞಾನಿ ಜೇಬಿನಲ್ಲಿ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಪುಟ್ಟ ಸೀಸೆ ಇಟ್ಟುಕೊಂಡಿರುತ್ತಾನೆ, ನಾನು ಚಿಕ್ಕಂದಿನಲ್ಲಿ ಆ ಪರೀಕ್ಷೆಯನ್ನು ಪುನರ್ಪುಳಿಯಿಂದ ಮಾಡಿದ್ದೆ. ಅತ್ತೆಯ ಮನೆಯ ಹೊಸ ಕಡಪದ ಕಟ್ಟೆಯ ಮೇಲೆ ಶರಬತ್ತಿಗೆಂದು ಹಿಂಡಿದ ಪುನರ್ಪುಳಿಯ ರಸ ಚೆಲ್ಲಿ, ಒರೆಸದೆ ಆಟಕ್ಕೆ ಓಡಿದೆ. ಸಂಜೆಗೆ ಕಪ್ಪು ಕಲ್ಲಿನಲ್ಲಿ ಬೂದುಬಣ್ಣದ ಕಲೆ. "ಎಂಥ ಮಾಡಿದಿ ಮಗಾ!" ಎಂದು ಅತ್ತೆ ಸೋಪು, ಬೂದಿ, ಸೀಮೆಎಣ್ಣೆ ಎಲ್ಲ ಹಾಕಿ ಉಜ್ಜಿದರು. ಹೋಗಲಿಲ್ಲ, ಹೋಗುವುದೂ ಇಲ್ಲ. ಅದು ಕಲೆಯಲ್ಲ, ಹುಳಿ ಕಲ್ಲನ್ನು ತಿಂದ ಗಾಯ. ಗ್ರಾನೈಟಿನ ಕಟ್ಟೆಗೆ ಈ ಭಯವಿಲ್ಲ.

ಶಹಾಬಾದಿನಲ್ಲಿ ಇನ್ನೊಂದು ಸೋಜಿಗ ಉಂಟು. ಸುಣ್ಣಕಲ್ಲು ಎಂದರೆ ಚಿಪ್ಪಿನಿಂದ ಆದದ್ದು ಎಂದು ಓದಿರುತ್ತೇವೆ. ಕರಾವಳಿಯಲ್ಲಿ ಮರುವಾಯಿಯ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದುದನ್ನು ಕಂಡವರಿಗೆ ಅದು ಸರಿ ಅನ್ನಿಸುತ್ತದೆ. ಕೊಲ್ಲಂ ಬಳಿಯ ಪಡಪ್ಪಕ್ಕರದ ಸುಣ್ಣಕಲ್ಲಿನಲ್ಲಿ ಒಂದೂವರೆ ಕೋಟಿ ವರ್ಷಕ್ಕೂ ಹಳೆಯ ಚಿಪ್ಪುಗಳು ತುಂಬಿರುವುದೂ ನಿಜ. ಆದರೆ ಶಹಾಬಾದಿನ ಹಾಸುಗಲ್ಲನ್ನು ಭೂತಗನ್ನಡಿ ಹಿಡಿದು ಎಷ್ಟು ಹುಡುಕಿದರೂ ಒಂದು ಚಿಪ್ಪು ಸಿಗದು. ಆ ಕಲ್ಲು ಕೂತಾಗ ಚಿಪ್ಪು ಕಟ್ಟುವ ಪ್ರಾಣಿಗಳೇ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಮೀನು, ಏಡಿ, ಮರುವಾಯಿ ಯಾವುದೂ ಇಲ್ಲದ ಕಡಲಿನಲ್ಲಿ, ನೀರಿನಲ್ಲಿ ಕರಗಿದ್ದ ಸುಣ್ಣ ತಾನೇ ಹೆಪ್ಪುಗಟ್ಟಿ, ಸೂಕ್ಷ್ಮಜೀವಿಗಳ ಸಹಾಯದಿಂದಲೂ ಅಷ್ಟಿಷ್ಟು, ತಳಕ್ಕಿಳಿದದ್ದು. ಅದರ ಮೇಲೆ ನಾವು ಹಪ್ಪಳ ಒಣಹಾಕುತ್ತೇವೆ.

ಬಾದಾಮಿಯ ಮರಳುಗಲ್ಲೂ ಅಂಥದ್ದೇ ಕಾಲದ್ದು. 54 ಕೋಟಿ ವರ್ಷಕ್ಕೆ ಕಡಿಮೆಯಂತೂ ಅಲ್ಲ, ಅದಕ್ಕಿಂತ ಬಹಳ ಹಳೆಯದೆಂದೇ ಬಲ್ಲವರ ಎಣಿಕೆ. ಮಂಗಳೂರಿನ ಹೊಯಿಗೆ ಮುಂದೆ ಏನಾಗಬಹುದೆಂದು ನೋಡಬೇಕಾದರೆ ಘಟ್ಟ ಹತ್ತಿ ಅಲ್ಲಿಗೆ ಹೋಗಬೇಕು. ಗುಹಾದೇವಾಲಯದ ಗೋಡೆಗೆ ಮುಖ ಹತ್ತಿರ ಹಿಡಿದರೆ ಕಣ ಕಣ ಎಣಿಸುವಷ್ಟು ಸ್ಪಷ್ಟ. ಕೆಂಪು ಬಂದದ್ದು ಕಣಗಳನ್ನು ಅಂಟಿಸಿದ ಕಬ್ಬಿಣದ ತುಕ್ಕಿನಿಂದ. ಕೆಲವು ಕಡೆ ಪದರಗಳು ಅಡ್ಡಲಾಗಿರದೆ ಓರೆಯಾಗಿ ಇಳಿದಿರುತ್ತವೆ, ಆ ಓರೆ ಯಾವ ದಿಕ್ಕಿಗೆ ಇಳಿದಿದೆಯೋ ಆ ದಿಕ್ಕಿಗೆ ಅಂದಿನ ನೀರು ಹರಿದಿತ್ತು. ಹೆಸರಿಲ್ಲದ ನದಿಯ ಒಂದು ಮಧ್ಯಾಹ್ನದ ಹರಿವು ಕಲ್ಲಿನಲ್ಲಿ ಹಾಗೇ ನಿಂತಿದೆ. ಈ ಕಲ್ಲಿನ ಘಟಕಕ್ಕೆ ಭೂವಿಜ್ಞಾನಿಗಳಿಟ್ಟ ಹೆಸರೇ 'ಕೇವ್ ಟೆಂಪಲ್ ಅರಿನೈಟ್', ಅಂದರೆ ಗುಹಾದೇವಾಲಯ ಮರಳುಗಲ್ಲು. ಚಾಲುಕ್ಯರ ಶಿಲ್ಪಿಗಳಿಗೆ ಭೂವಿಜ್ಞಾನದ ಪಟ್ಟಿಯಲ್ಲೂ ಜಾಗ ಸಿಕ್ಕಿತು. ಮೂರನೆಯ ಗುಹೆಯ ಶಾಸನ 578ನೇ ಇಸವಿಯದು, ಮಂಗಳೇಶ ಬರೆಸಿದ್ದು. ಕಲ್ಲಿನ ವಯಸ್ಸನ್ನು 54 ಕೋಟಿ ಎಂದೇ ಇಟ್ಟು, ಅದನ್ನು ಒಂದು ಹಗಲು ಒಂದು ರಾತ್ರಿಗೆ ಕುಗ್ಗಿಸಿದರೆ, ಗುಹೆ ಕೊರೆದು ಇಂದಿಗೆ ಸೆಕೆಂಡಿನ ಕಾಲು ಪಾಲೂ ಆಗಿಲ್ಲ. ಒಮ್ಮೆ ಎವೆಯಿಕ್ಕುವಷ್ಟು ಹೊತ್ತು. ಪುಲಕೇಶಿ, ಹೊಯ್ಸಳರು, ವಿಜಯನಗರ, ಕೆಳದಿ, ಟಿಪ್ಪು, ಕಂಪನಿ, ನಾವು, ಎಲ್ಲ ಆ ಎವೆಯೊಳಗೆ.

ಕಣಗಳಿಂದ ಆದದ್ದನ್ನೂ ಸುಣ್ಣದಿಂದ ಆದದ್ದನ್ನೂ ನೋಡಿದೆವು. ನೀರಿನಲ್ಲಿ ಕರಗಿದ್ದ ಕಬ್ಬಿಣವೇ ತಳಕ್ಕಿಳಿದು ಕಲ್ಲಾದ ಮೂರನೆಯ ಬಗೆಯೊಂದು ಮಂಗಳೂರಿಗೆ ಪೈಪಿನಲ್ಲಿ ಬರುತ್ತಿತ್ತು. ಕುದುರೆಮುಖದ ಅದಿರು ಪಟ್ಟೆ ಪಟ್ಟೆಯಾದ ಕಲ್ಲು, ಒಂದು ಪಟ್ಟೆ ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನಟೈಟ್, ಒಂದು ಪಟ್ಟೆ ಸಿಲಿಕ. 250 ಕೋಟಿ ವರ್ಷಕ್ಕೂ ಹಿಂದೆ ಕಡಲಿನ ತಳದಲ್ಲಿ ಕೂತು, ಆಮೇಲೆ ಶಾಖ ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ್ದು. ಹುಟ್ಟಿದ್ದು ಪದರಗಲ್ಲಾಗಿ, ಈಗ ಜಾತಿ ರೂಪಾಂತರ ಶಿಲೆಯದು. 1976ರಲ್ಲಿ ಹುಟ್ಟಿದ ಕುದುರೆಮುಖ ಕಂಪನಿ ಅದನ್ನು ಹಿಟ್ಟು ಮಾಡಿ, ನೀರಿಗೆ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ತಂದಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಯ ದಿನ ಗಣಿ ನಿಂತಿತು. ಯೋಚಿಸಿದರೆ ವಿಚಿತ್ರ ಕೆಲಸ. ಭೂಮಿ ಕೋಟಿಗಟ್ಟಲೆ ವರ್ಷ ಕಷ್ಟಪಟ್ಟು ಗಟ್ಟಿ ಮಾಡಿದ್ದನ್ನು ಮತ್ತೆ ಕೆಸರು ಮಾಡಿ ನದಿಯ ಹಾಗೆ ಕಡಲತಡಿಗೆ ಹರಿಸುವುದು, ಅಲ್ಲಿ ಮತ್ತೆ ಉಂಡೆ ಕಟ್ಟಿ ಸುಡುವುದು. ಆ ಪೆಲೆಟ್ ಉಂಡೆಗಳು ಎಂಟರಿಂದ ಹದಿನಾರು ಮಿಲಿಮೀಟರಿನವು. ವೆಂಟ್‌ವರ್ತನ ಏಣಿಯಲ್ಲಿ ಹರಳುಕಲ್ಲಿನ ಮೆಟ್ಟಿಲಿಗೆ ಸೇರುತ್ತವೆ.

ತಣ್ಣೀರುಬಾವಿಯ ದಡದಲ್ಲಿ ನಿಂತು ಪಡುವಣಕ್ಕೆ ನೋಡಿದರೆ ನಮಗೆ ಕಾಣುವುದು ನೀರು. ಇಪ್ಪತ್ತು ಸಾವಿರ ವರ್ಷದ ಹಿಂದೆ ನಿಂತಿದ್ದರೆ ನೀರು ಕಾಣುತ್ತಿರಲಿಲ್ಲ, ಕಡಲ ಮಟ್ಟ 120 ಮೀಟರ್ ಕೆಳಗಿತ್ತು, ದಡ ಹತ್ತಾರು ಕಿಲೋಮೀಟರ್ ಆಚೆ. ನಮ್ಮ ಹೊಯಿಗೆಯ ಮುಂದಿನ ಊರು ಆ ದಿಕ್ಕಿನಲ್ಲೇ. ಅದಕ್ಕೂ ಆಚೆಯ ಆಳ ಕಡಲಿನಲ್ಲಿ ಏನಿದೆಯೆಂದು ತಿಳಿದಾಗ ನೇತ್ರಾವತಿಯ ಟಿಪ್ಪರ್ ಸಾಲು ಇರುವೆಯ ಸಾಲಿನಂತೆ ಕಂಡಿತು. ಸಿಂಧೂ ನದಿ ಹಿಮಾಲಯವನ್ನು ಅರೆದು ತಂದು ಅರಬ್ಬಿ ಕಡಲಿನ ತಳದಲ್ಲಿ ಹರಡಿದ ಬೀಸಣಿಗೆ ಸುಮಾರು 11 ಲಕ್ಷ ಚದರ ಕಿಲೋಮೀಟರ್, ಐದೂವರೆ ಕರ್ನಾಟಕಕ್ಕಿಂತ ದೊಡ್ಡದು. ದಪ್ಪ ಕೆಲವೆಡೆ ಒಂಬತ್ತು ಕಿಲೋಮೀಟರ್ ಮೀರುತ್ತದೆ. ಎವರೆಸ್ಟನ್ನು ಅದರಲ್ಲಿ ಹೂತರೆ ತುದಿ ಹೊರಗೆ ಕಾಣದು.

2015ರ ಏಪ್ರಿಲ್, ಮೇ ತಿಂಗಳಲ್ಲಿ ಜಾಯ್ಡಿಸ್ ರೆಸೊಲ್ಯೂಷನ್ ಎಂಬ ಸಂಶೋಧನಾ ಹಡಗು ಕೊಲಂಬೊದಿಂದ ಹೊರಟು ಅರಬ್ಬಿ ಕಡಲಿನ ಲಕ್ಷ್ಮಿ ಕೊಳ್ಳದಲ್ಲಿ ತಳ ಕೊರೆದು ಮುಂಬಯಿ ಸೇರಿತು. ಎರಡು ಕಡೆ ಸಾವಿರದ ನೂರು ಮೀಟರ್ ದಾಟುವವರೆಗೂ ಕೊರೆದರು. ಮೇಲಿನಿಂದ ಕೆಳಗೆ ಒಂದೊಂದೇ ಪದರ ಓದುತ್ತ ಹೋದವರಿಗೆ ನಡುವೆ ಒಂದು ಕಡೆ ಎಲ್ಲವೂ ಕಲಸಿಹೋಗಿರುವುದು ಸಿಕ್ಕಿತು, ಸುಣ್ಣಕಲ್ಲಿನ ಚೂರುಗಳು, ಮಡಚಿದ ಜೇಡಿ, ತಲೆಕೆಳಗಾದ ಪದರ. ಅಲ್ಲಿಂದ ಕೆಳಗೆ ಮತ್ತೆ ಶಾಂತಿ. ಸುಮಾರು 1.08 ಕೋಟಿ ವರ್ಷದ ಹಿಂದೆ ಭಾರತದ ಪಶ್ಚಿಮ ಅಂಚಿನ ಕಡಲತಳವೇ ಕುಸಿದು ಆಳಕ್ಕೆ ಜಾರಿದ ಗುರುತು ಅದು. ಅದಕ್ಕೆ ನಟರಾಜ ಎಂದು ಹೆಸರಿಟ್ಟಿದ್ದಾರೆ. ಜಾರಿದ ಸರಕಿನ ಅಂದಾಜು 19,000 ಘನ ಕಿಲೋಮೀಟರ್. ನನಗೆ ಘನ ಕಿಲೋಮೀಟರ್ ಕಣ್ಣಿಗೆ ಕಟ್ಟುವುದಿಲ್ಲ, ಆದ್ದರಿಂದ ನಮ್ಮ ಜಿಲ್ಲೆಯ ಮೇಲೆಯೇ ಸುರಿದು ನೋಡಿದೆ. ಐದು ಸಾವಿರ ಚದರ ಕಿಲೋಮೀಟರಿಗೆ ತುಸು ಕಡಿಮೆಯ ದಕ್ಷಿಣ ಕನ್ನಡ ಪೂರ್ತಿ, ಗಡಿಯಿಂದ ಗಡಿಗೆ, ಕುದುರೆಮುಖ ಶಿಖರದ ಎರಡರಷ್ಟು ಎತ್ತರಕ್ಕೆ ಮುಚ್ಚಿಹೋಗುತ್ತದೆ.

ಮೊದಲಿನ ಲೋಟ ಇನ್ನೂ ಕೈಯಲ್ಲೇ ಇದ್ದರೆ ಅದನ್ನು ಹೊಳೆಗೇ ಸುರಿದು ಬನ್ನಿ, ಹೇಗೂ ಅದು ಇಲ್ಲಿ ಕಲ್ಲಾಗಲು ನಾವು ಬಿಡುವುದಿಲ್ಲ. ಪಣಂಬೂರಿನ ಬಂದರಿನಲ್ಲಿ ಮಳೆಗಾಲ ಮುಗಿದೊಡನೆ ವರ್ಷವರ್ಷವೂ ಹೂಳೆತ್ತುತ್ತಾರೆ. ಹಡಗು ಬರಬೇಕಲ್ಲ. ಕಲ್ಲಿನ ಆಸೆ ಇದ್ದವರು ಮನೆಯ ನೆಲ, ಕಟ್ಟೆ, ಮೆಟ್ಟಿಲು ನೋಡಿ. ಒಂದು ಹನಿ ಲಿಂಬೆರಸ, ಒಂದು ಭೂತಗನ್ನಡಿ ಸಾಕು. ಕಪ್ಪು ಕಡಪವಾದರೆ ಮಾತ್ರ ಕಟ್ಟೆಯ ಅಡಿಭಾಗದಲ್ಲಿ, ಯಾರಿಗೂ ಕಾಣದ ಮೂಲೆಯಲ್ಲಿ ಹಾಕಿ, ಕೂಡಲೇ ಒರೆಸಿ. ನನ್ನ ಅತ್ತೆಯ ಮನೆಯ ಆ ಕಲೆ ಇವತ್ತಿಗೂ ಅಲ್ಲೇ ಉಂಟು.